ಚಿನ್ನ ಗುಡಿಸಿ ಹಾಕಿದ ಸಿಸ್ಟರಮ್ಮ

ಕಳೆದ ತಿಂಗಳು ಪಾಂಡವಪುರದ ಒಂದು ಸಣ್ಣ ಕಲ್ಯಾಣ ಮಂಟಪದಲ್ಲಿ ನಮ್ಮ ಸಿಸ್ಟರಮ್ಮನವರಿಗೆ ಬೀಳ್ಕೊಡುಗೆ ಇತ್ತು. ಹತ್ತೂವರೆಗೆ ಶುರುವಾಗಬೇಕಿದ್ದ ಸಮಾರಂಭಕ್ಕೆ ಅವರು ಬಂದದ್ದು ಹನ್ನೊಂದೂಕಾಲಿಗೆ. ತಮ್ಮದೇ ಸನ್ಮಾನಕ್ಕೆ ಮುಕ್ಕಾಲು ಗಂಟೆ ತಡ. ದಾರಿಯಲ್ಲಿ ಯಾರದೋ ಮನೆಗೆ ನುಗ್ಗಿ, ಅಲ್ಲಿ ಮಲಗಿದ್ದ ಅಜ್ಜಿಯ ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಿ ಬಂದರಂತೆ. ಹಾರ ಹಿಡಿದು ಎದುರು ಹೋದವರಿಗೆ, "ತಡೀರಿ, ಒಸಿ ಕೈ ತೊಳ್ಕೊಂಡ್ ಬಂದ್ಬುಡ್ತೀನಿ" ಎಂದು ಹೇಳಿ ಸೀದಾ ಹಿತ್ತಲ ಕಡೆ ಹೋದರು. ಸಭೆಯಲ್ಲಿದ್ದ ನಾವೆಲ್ಲ ಹೋ ಎಂದು ನಕ್ಕೆವು. ಅಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರು ಅಪ್ಪನನ್ನೋ ಅವ್ವನನ್ನೋ ಗಂಡನನ್ನೋ ಇವರ ಕೈಯಲ್ಲೇ ಕಳಿಸಿಕೊಟ್ಟವರು. ಆದರೂ ಮಂಟಪದಲ್ಲಿ ಮದುವೆ ಮನೆಯ ಗದ್ದಲವಿತ್ತು.

ನನಗೂ ಐದು ನಿಮಿಷ ಮಾತಾಡಿ ಎಂದು ಮೈಕು ಕೊಟ್ಟರು. ನಾನು ಇಪ್ಪತ್ತೆಂಟು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿರುವವನು. ಗಂಟಲು ಎಂದೂ ಕೈಕೊಟ್ಟದ್ದಿಲ್ಲ. ಅವತ್ತು ಮಾತ್ರ "ಇವರು ತುಂಬಾ ಒಳ್ಳೆಯವರು" ಎಂದು ಮೂರು ಸಲ ಹೇಳಿ, ನಾಲ್ಕನೆಯ ಸಲ ಹೇಳಲು ನಾಚಿಕೆಯಾಗಿ ಕೂತುಬಿಟ್ಟೆ. ಪಕ್ಕದಲ್ಲಿದ್ದ ಹೆಂಡತಿ, "ಇಷ್ಟು ಹೇಳಕ್ಕೆ ಇಸ್ತ್ರಿ ಅಂಗಿ ಬೇಕಿತ್ತಾ?" ಎಂದಳು. ಅವಳ ಮಾತು ಸರಿಯಾಗಿಯೇ ಚುಚ್ಚಿತು. ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಹೆಸರು ಮಾತ್ರ ಹಾಕುವುದಿಲ್ಲ. "ನನ್ ಎಸ್ರು ಎಲ್ಲಾದ್ರೂ ಹಾಕುದ್ರೆ ನಿಮ್ಮನೆ ಕಡೆ ತಲೆ ಹಾಕಲ್ಲ" ಎಂದು ಮುಂಚೆಯೇ ಹೆದರಿಸಿದ್ದಾರೆ.

ಅವರದು ಒಂದು ಸಣ್ಣ ಸೇವಾ ಸಂಸ್ಥೆಯ ಕೆಲಸ. ಡಾಕ್ಟರು 'ಇನ್ನು ಮನೆಗೆ ಕರಕೊಂಡು ಹೋಗಿ' ಎಂದು ಹೇಳಿ ಕಳಿಸಿದ ಮೇಲೆ, ಆ ಮನೆಗೆ ಹೋಗಿ ನೋಡಿಕೊಳ್ಳುವ ನರ್ಸು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಹೀಗೆ ನಾಲ್ಕು ತಾಲ್ಲೂಕು ಒಂದು ಹಳೇ ಸ್ಕೂಟರಿನ ಮೇಲೆ. ಸ್ಕೂಟರಿನ ಮುಂದೆ ಒಂದು ಚೀಲ, ಹಿಂದೆ ತರಕಾರಿ ಕ್ರೇಟು. ಕ್ರೇಟಿನೊಳಗೆ ಹತ್ತಿ, ಪಟ್ಟಿ, ಮುಲಾಮು, ರಬ್ಬರ್ ಶೀಟು, ಒಂದು ಬೆಡ್‌ಪ್ಯಾನು. ಹೊಣಕೆರೆ ಕಡೆಯ ಒಂದು ಹಳ್ಳಿಯಲ್ಲಿ ಹೆಂಗಸೊಬ್ಬರು ಸ್ಕೂಟರು ನಿಲ್ಲಿಸಿ, "ಬದ್ನೇಕಾಯಿ ಎಂಗೆ?" ಎಂದು ಕೇಳಿದ್ದರಂತೆ. ಅದನ್ನು ಅವರೇ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು.

ಆಳು ದಪ್ಪ, ದನಿ ದೊಡ್ಡದು. ಬೀದಿಯ ತುದಿಯಲ್ಲಿ ಕೆಮ್ಮಿದರೆ ನಮ್ಮ ಅಡಿಗೆಮನೆಗೆ ಕೇಳುತ್ತಿತ್ತು. ಒಳಗೆ ಬಂದವರೇ ಮೊಣಕೈವರೆಗೂ ಸೋಪು ಹಾಕಿ ಕೈ ತೊಳೆಯುವರು. ಟವೆಲು ಕೊಟ್ಟರೆ ಮುಟ್ಟುತ್ತಿರಲಿಲ್ಲ. ಎರಡೂ ಕೈಯನ್ನು ಗಾಳಿಯಲ್ಲಿ ಒದರಿ ಒದರಿ ಒಣಗಿಸುವರು, ಎದುರಿಗೆ ನಿಂತವರ ಮುಖಕ್ಕೆಲ್ಲ ಹನಿ. ಆಮೇಲೆ ಹಾಸಿಗೆಯ ಹತ್ತಿರ ಹೋಗಿ, ನಾಡಿಯನ್ನೂ ಹಣೆಯನ್ನೂ ಬಿಟ್ಟು, ಮೊದಲು ಕಾಲು ಮುಟ್ಟುವರು. ಅಂಗೈಯಲ್ಲಿ ಪಾದ ಹಿಡಿದು ಒಂದು ಗಳಿಗೆ ಸುಮ್ಮನಿರುವರು. ಯಾಕೆ ಹೀಗೆ ಎಂದು ನಾನು ಕೇಳಿದ್ದಕ್ಕೆ, "ಬಾಯಿ 'ಚೆನ್ನಾಗಿವ್ನಿ' ಅಂತ ಸುಳ್ ಯೋಳ್ತದೆ ಮೇಷ್ಟ್ರೇ, ಕಾಲ್ಗೆ ಸುಳ್ ಯೋಳಕ್ ಬರಲ್ಲ" ಎಂದರು.

ಇಷ್ಟೆಲ್ಲ ಇದ್ದೂ ಅವರು ನಮ್ಮ ಮನೆಗೆ ಕಾಲಿಟ್ಟ ಮೊದಲ ದಿನ ನಾನು ಅವರನ್ನು ಹೊರಗೆ ಅಟ್ಟುವುದರಲ್ಲಿದ್ದೆ.

ನಮ್ಮದು ನಾಗಮಂಗಲದಲ್ಲಿ ಚಿನ್ನದ ಕೆಲಸ ಮಾಡುತ್ತ ಬಂದ ಮನೆ. ನಾನು ಸೀಮೆಸುಣ್ಣ ಹಿಡಿದೆ. ಅಪ್ಪ ಮಾತ್ರ ಎಪ್ಪತ್ತೊಂಬತ್ತನೆಯ ವಯಸ್ಸಿನವರೆಗೂ ಮನೆಯ ಮುಂದಿನ ಅಂಗಡಿ ಕೋಣೆಯಲ್ಲಿ ಕೂತು ತಾಳಿ, ಓಲೆ, ಮೂಗುಬೊಟ್ಟು ಮಾಡಿದವರು. ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಗುವ ಹೊತ್ತಿಗೆ ಅದು ಎಲ್ಲ ಕಡೆ ಹರಡಿತ್ತು. ಮೈಸೂರಿನ ಡಾಕ್ಟರು ಮನೆಗೆ ಕಳಿಸಿದರು. ಅಪ್ಪ ದಾರಿಯಲ್ಲೇ ನನ್ನ ಕೈ ಹಿಡಿದು ಕೇಳಿದ್ದು ಒಂದೇ: "ನಿಮ್ಮವ್ವುನ್ ತರ ಗಾಜಿನ್ ರೂಮ್ನಲ್ಲಿ ನನ್ನ ಕಳುಸ್ಬೇಡ ಕಣ್ಲಾ. ಅಂಗ್ಡೀಲಿ ಮಲ್ಗುಸು. ನೋವು ಕಮ್ಮಿ ಇದ್ರೆ ಸಾಕು. ಅಲ್ಲೇ ಓಯ್ತೀನಿ." ಆಗಲಿ ಎಂದೆ. ಹೇಳುವುದು ಸುಲಭ. ಅವ್ವ ಸಾಯುವಾಗ ಆಸ್ಪತ್ರೆಯ ಗಾಜಿನ ಆಚೆ ಇದ್ದಳು, ನಾನು ಈಚೆ. ಅವಳು ಬಾಯಿ ಆಡಿಸಿದ್ದು ಕಂಡಿತು, ಏನೆಂದಳೋ ಕೇಳಲಿಲ್ಲ. ಅಪ್ಪನಿಗೆ ಕೊಟ್ಟ ಮಾತು ಉಳಿಸಿಕೊಳ್ಳುವ ಧೈರ್ಯ ನನಗಿದೆಯೋ ಇಲ್ಲವೋ ಎಂಬುದೇ ನನ್ನ ಆಗಿನ ಹೆದರಿಕೆ.

ಅಂಗಡಿ ಕೋಣೆಯಲ್ಲಿ ಚಿನ್ನ ಬಡಿಯುವ ಅಡಿಗಲ್ಲನ್ನು ಮೂಲೆಗೆ ಸರಿಸಿ ಮಂಚ ಹಾಕಿದೆವು. ಸಿಸ್ಟರಮ್ಮ ಬಂದು ಕೋಣೆಯನ್ನು ನೋಡಿದರು. ನೆಲದ ಮೇಲೆ ಬೂದು ಬಣ್ಣದ ಧೂಳು, ಗೋಣಿತಟ್ಟು, ಮೂಲೆಯಲ್ಲಿ ಇದ್ದಿಲ ಪುಡಿ. ಮುಖ ಕಿವುಚಿದರು. ನಾನು ಔಷಧಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಸೆರಗು ಸಿಕ್ಕಿಸಿಕೊಂಡು, ಪೊರಕೆ ಹಿಡಿದು, ಕೋಣೆಯನ್ನು ಮೂಲೆ ಮೂಲೆ ಗುಡಿಸಿ, ಗೋಣಿತಟ್ಟನ್ನು ಬೀದಿಯಲ್ಲಿ ಝಾಡಿಸಿ, ಎರಡು ಬಕೆಟ್ ಫಿನಾಯಿಲ್ ನೀರು ಹೊಯ್ದು, ಎಲ್ಲವನ್ನೂ ಮುಂದಿನ ಮೋರಿಗೆ ತಳ್ಳಿದ್ದರು. ಅಪ್ಪನಿಗೆ ಆಗತಾನೆ ಜೊಂಪು ಹತ್ತಿತ್ತು, ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಬಾಗಿಲಲ್ಲಿ ನನ್ನನ್ನು ಕಂಡವರೇ, "ಯಾವ್ ಕಾಲದ್ ಧೂಳು ಮೇಷ್ಟ್ರೇ ಇದು? ಈಗ ನೋಡಿ, ಎಂಗೆ ಫಳಫಳ ಅಂತದೆ!" ಎಂದು ಬೀಗಿದರು.

ಚಿನ್ನದ ಕೆಲಸದವರ ಮನೆಯಲ್ಲಿ ಹುಟ್ಟಿದವರಿಗೆ ನನ್ನ ಎದೆ ಏನಾಯಿತೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಅರದಿಂದ ಒಡವೆ ಉಜ್ಜುವಾಗ ಉದುರುವ ಚಿನ್ನದ ಪುಡಿ ಆ ಧೂಳಿನಲ್ಲೇ ಇರುತ್ತದೆ. ನಮ್ಮಲ್ಲಿ ಅಂಗಡಿ ಕೋಣೆಯ ಕಸವನ್ನು ಹೊಸಿಲು ದಾಟಿಸುವುದಿಲ್ಲ. ಒಳಮುಖವಾಗಿ ಗುಡಿಸಿ ಡಬ್ಬಿಗೆ ತುಂಬಿ, ವರ್ಷಕ್ಕೊಮ್ಮೆ ತೊಳೆಸಿ ಚಿನ್ನ ತೆಗೆಯುವುದು ಪದ್ಧತಿ. ಅಪ್ಪ ಹೊರಗೆ ಹೋಗುವಾಗ ಪಂಚೆಯನ್ನೂ ಒಳಗೇ ಕೊಡವಿ ಹೋಗುತ್ತಿದ್ದರು. ಕಾಯಿಲೆ ಬಿದ್ದ ವರ್ಷ ಗುಡಿಸಿಯೇ ಇರಲಿಲ್ಲ.

"ಅಯ್ಯೋ, ಅದ್ರಲ್ಲಿ ಚಿನ್ನ ಇತ್ತು!" ಎಂದು ನಾನು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದಳು. ಎದುರು ಮನೆಯವರು ಬಂದರು. ಸಿಸ್ಟರಮ್ಮನ ಮುಖ ಒಂದು ಗಳಿಗೆ ಬೆಳ್ಳಗಾಯಿತು. ಆಮೇಲೆ ಸೀದಾ ಹೋಗಿ ಮೋರಿಯ ಅಂಚಿಗೆ ಮಂಡಿಯೂರಿ, ಅದೇ ತೊಳೆದ ಕೈಯನ್ನು ಮೊಣಕೈವರೆಗೂ ಕೆಸರಿಗೆ ಇಳಿಸಿದರು. ನಾನು ಒಂದು ಕಡೆ, ಅವರು ಒಂದು ಕಡೆ, ಹೆಂಡತಿ ಬಕೆಟ್ ಹಿಡಿದು ನಡುವೆ. ಬೀದಿಯವರೆಲ್ಲ ಸಲಹೆ ಕೊಡಲು ನಿಂತರು.

ಆಗ ಕೋಣೆಯ ಒಳಗಿನಿಂದ, ಮನೆಗೆ ಬಂದಾಗಿನಿಂದ ನರಳಾಟ ಬಿಟ್ಟು ಬೇರೆ ಸದ್ದು ಮಾಡದಿದ್ದ ಅಪ್ಪನ ದನಿ ಕೇಳಿತು. "ಮುಂದುಕ್ ಓಗ್ಬೇಡ್ರೋ! ಅಲ್ಲೇ ತಳದಲ್ ಬಾಚ್ರಿ. ಚಿನ್ನ ತೂಕ ಕಣ್ರೋ, ದೂರ ಓಗಲ್ಲ!" ಕಿಟಕಿಯ ಸರಳು ಹಿಡಿದು ಎದ್ದು ಕೂತಿದ್ದರು. ನಾವು ಮೂವರೂ ಕೆಸರು ಮೆತ್ತಿಕೊಂಡು ತಲೆ ಎತ್ತಿ ನೋಡಿದೆವು. ನಮ್ಮ ಮುಖ ನೋಡಿ ಅಪ್ಪನಿಗೆ ನಗು ಬಂತು. ಹೊಟ್ಟೆ ನೋವಿಗೆ ಅಯ್ಯಯ್ಯೋ ಎನ್ನುವರು, ಮತ್ತೆ ನಗುವರು. ಸಿಸ್ಟರಮ್ಮ ಮೋರಿಯಿಂದಲೇ, "ನಗಿ ಆಚಾರ್ರೆ, ನಗಿ. ಮೊದುಲ್ನೇ ದಿನಾನೇ ನಿಮ್ಮನೆ ತೊಳುದ್ಬುಟ್ಟೆ" ಎಂದರು. ಅಟ್ಟಬೇಕೆಂದಿದ್ದ ನಾನು ಅವತ್ತು ಅವರಿಗೆ ಬಿಸಿನೀರು ಕಾಯಿಸಿ ಕೊಟ್ಟೆ.

ಎರಡು ಬಕೆಟ್ ಕೆಸರು ಒಣಗಿಸಿ ಚೀಲಕ್ಕೆ ತುಂಬಿಟ್ಟಿದ್ದೇವೆ. ಅದರಲ್ಲಿ ಚಿನ್ನ ಇದೆಯೋ ಬರೀ ಫಿನಾಯಿಲ್ ಇದೆಯೋ ನಾವಿನ್ನೂ ನೋಡಿಲ್ಲ. ಅವತ್ತಿನಿಂದ ಸಿಸ್ಟರಮ್ಮ ಹೊರಡುವ ಮುಂಚೆ ಹೊಸಿಲ ಒಳಗೆ ನಿಂತು ಸೆರಗು ಕೊಡವಿ, ಕಾಲು ಒದರಿ, "ತಗಳಿ ಆಚಾರ್ರೆ, ನಿಮ್ ಚಿನ್ನ ನಿಮ್ಮನೇಲೇ ಬುಟ್ಟೋಯ್ತಾವ್ನಿ" ಎನ್ನುವರು. ಅಪ್ಪ ಬಹಳ ಗಂಭೀರವಾಗಿ ತಲೆಯಾಡಿಸಿ ಲೆಕ್ಕ ಸರಿಯಾಯಿತು ಎನ್ನುವ ಮುಖ ಮಾಡುವರು.

ನೋವಿನ ಮಾತ್ರೆ ನುಂಗಿಸುವುದೇ ದೊಡ್ಡ ರಗಳೆಯಾಯಿತು. ಅಪ್ಪ ಹೆಂಡ ಮುಟ್ಟಿದವರಲ್ಲ, ಬೀಡಿ ಸೇದಿದವರಲ್ಲ. ಇದು ಅಮಲು ಬರಿಸುವ ಮಾತ್ರೆ, ತಗೊಂಡರೆ ಕಥೆ ಮುಗಿಯಿತು ಎಂದು ಯಾರೋ ಕಿವಿ ಊದಿದ್ದರು. ಹಲ್ಲು ಕಚ್ಚಿಕೊಂಡು ಮಲಗುವರು, ಮಾತ್ರೆ ಮಾತ್ರ ಒಲ್ಲೆ. ಒಂದು ದಿನ ನನ್ನಿಂದ ತಮ್ಮ ಸಣ್ಣ ತಕ್ಕಡಿ ತರಿಸಿ, ಒಂದು ತಟ್ಟೆಗೆ ಮಾತ್ರೆ, ಇನ್ನೊಂದಕ್ಕೆ ಗುಲಗಂಜಿ ಹಾಕಿ ತೂಗಿದರು. ತಕ್ಕಡಿ ಹೆಚ್ಚುಕಮ್ಮಿ ಸಮ ನಿಂತಿತು. "ನೋಡವ್ವ, ಒಂದ್ ಗುಲಗಂಜಿ ತೂಕ. ಇಷ್ಟುದ್ದ ಮನ್ಸುನ್ ನೋವ ಇದು ತಗುದ್ಬುಡ್ತದಾ?" ಎಂದು ಸಿಸ್ಟರಮ್ಮನನ್ನು ಕೆಣಕಿದರು.

ನಾನಾಗಿದ್ದರೆ ರೇಗಿಬಿಡುತ್ತಿದ್ದೆ. ಅವರು ಮಂಚದ ಅಂಚಿಗೆ ಕೂತು ಕೇಳಿದರು: "ಅಲ್ಲಾ ಆಚಾರ್ರೆ, ಒಂದ್ ಗುಲಗಂಜಿ ತೂಕದ್ ಮೂಗ್ಬೊಟ್ ಇಕ್ಕುದ್ರೆ ಎಣ್ಮಗಳ ಮೊಕ ಬದ್ಲಾಗಲ್ವಾ?"

ಅಪ್ಪ ಅರವತ್ತು ವರ್ಷ ಅದನ್ನೇ ನೋಡುತ್ತ ಬಂದವರು, ಇಲ್ಲ ಎನ್ನಲು ಹೇಗೆ ಸಾಧ್ಯ? ತಟ್ಟೆಯಿಂದ ಮಾತ್ರೆ ಎತ್ತಿ ಬಾಯಿಗೆ ಹಾಕಿಕೊಂಡರು.

ಸಿಸ್ಟರಮ್ಮ ಹುಟ್ಟಿದ್ದು ಪಾಂಡವಪುರ ಸೀಮೆಯ ಬೇಸಾಯಗಾರರ ಮನೆಯಲ್ಲಾದರೂ ಬೆಳೆದದ್ದು ಕೆ.ಆರ್.ಎಸ್.ನಲ್ಲಿ. ಅವರಪ್ಪ ಅಲ್ಲಿ ಅಣೆಕಟ್ಟೆಯ ಗೇಟು ಎತ್ತುವ ಕೆಲಸದಲ್ಲಿದ್ದರು. ಮಾತ್ರೆಯ ಅಳತೆ ಏರಿಸುವ ಇಳಿಸುವ ವಿಷಯ ಬಂದಾಗಲೆಲ್ಲ, ಡಾಕ್ಟರಿಗೆ ಫೋನು ಹಚ್ಚುವ ಮೊದಲು ನನಗೊಂದು ಪಾಠವಾಗುತ್ತಿತ್ತು. "ನೀರ್ ಜಾಸ್ತಿ ಬಂತು ಅಂತ ನಮ್ಮಪ್ಪ ಒಂದೇ ಸಲ ಗೇಟ್ ಎತ್ಬುಡ್ತಿದ್ರಾ? ಒಸಿ ಎತ್ತಾದು, ನೋಡಾದು. ಒಸಿ ಎತ್ತಾದು, ನೋಡಾದು." ಹೀಗೆ ಒಸಿ ಒಸಿಯಾಗಿ ಹತ್ತು ದಿನಕ್ಕೆ ಅಪ್ಪ ರಾತ್ರಿ ಪೂರ್ತಿ ನಿದ್ದೆ ಮಾಡಿದರು. ಬೆಳಿಗ್ಗೆ ಎದ್ದು ಕಾಫಿ ಕೇಳಿದರು, ಕಾಫಿಗೆ ಸಕ್ಕರೆ ಕಮ್ಮಿ ಎಂದು ಬೈದರು. ಬೈಸಿಕೊಂಡ ಹೆಂಡತಿ ಖುಷಿಯಿಂದ ಸಿಸ್ಟರಮ್ಮನಿಗೆ ಫೋನು ಮಾಡಿ ಹೇಳಿದಳು.

ಅವರಲ್ಲಿ ಕುಂದುಕೊರತೆಯೇ ಇರಲಿಲ್ಲ ಎಂದು ಬರೆದರೆ ಅವರೇ ನಂಬುವುದಿಲ್ಲ. ಹೇಳಿದ ಹೊತ್ತಿಗೆ ಒಂದು ದಿನವೂ ಬಂದವರಲ್ಲ. ಫೋನು ಮಾಡಿದರೆ, "ಬಂದೆ ಬಂದೆ, ನಿಮ್ ಬೀದಿ ತಿರುವ್ನಲ್ಲೇ ಇವ್ನಿ" ಎನ್ನುವರು. ಹಿಂದುಗಡೆ ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟು ಸ್ಪಷ್ಟವಾಗಿ ಕೇಳುತ್ತಿರುತ್ತಿತ್ತು. ಪೇಷೆಂಟನ್ನು ಮುದ್ದು ಮಾಡುವರು, ಮನೆಯವರನ್ನು ಬೈಯುವರು. ನಾನಂತೂ ಖಾಯಂ ಬಲಿಪಶು. "ಏನ್ ಮೇಷ್ಟ್ರೇ, ಗಡ್ಡ ಬುಟ್ಕೊಂಡು, ಉಂಡಿಲ್ಲ ತಿಂದಿಲ್ಲ, ಯಾರ್ ಪೇಷೆಂಟು ಇಲ್ಲಿ? ನಿಮ್ಮನ್ ನೋಡ್ಕಳಕ್ಕೆ ಇನ್ನೊಂದ್ ನರ್ಸ್ ಕರೀಲಾ?" ಯಾರ ಮನೆಯಲ್ಲೂ ಊಟ ಮಾಡುತ್ತಿರಲಿಲ್ಲ. ಒಂದು ಲೋಟ ಮಜ್ಜಿಗೆ, ಅಷ್ಟೆ. ಒಂದು ಕಡೆ ಉಂಡು ಇನ್ನೊಂದು ಕಡೆ ಒಲ್ಲೆ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ, ಎಲ್ಲ ಕಡೆ ಉಂಡರೆ ಸ್ಕೂಟರು ಎಳೆಯುವುದಿಲ್ಲ ಎಂಬುದು ಅವರ ತರ್ಕ.

ಒಂದು ಸಲ ನಾನು ಅವರನ್ನು ಕೇಳಿದ್ದೆ, ಎಲ್ಲಿ ಹೋದರೂ ಗುಣವಾಗದವರೇ, ಬೇಜಾರಾಗುವುದಿಲ್ಲವೇ ಎಂದು. ಬೆಡ್‌ಪ್ಯಾನು ತೊಳೆಯುತ್ತಿದ್ದವರು ನಿಲ್ಲಿಸಲೂ ಇಲ್ಲ. "ವಾಸಿ ಮಾಡಾದು ಡಾಕ್ಟ್ರು ಕೆಲ್ಸ. ವಾಸಿ ಆಗಲ್ಲ ಅಂತ ಅವ್ರು ಕೈ ಬುಟ್ ಮೇಲೆ ಉಳ್ಕೊಂಡಿದ್ದೆಲ್ಲ ನಂದು. ಬಾಯ್ ತೊಳ್ಸಾದು, ತಲೆ ಬಾಚಾದು, ಬೆನ್ ನೋಡಾದು, ನಗ್ಸಾದು. ನೋಡಿ, ಉಳ್ಕೊಳ್ಳಾದೇ ಜಾಸ್ತಿ."

ನಗಿಸುವುದನ್ನು ಅವರು ಔಷಧಿಯ ಚೀಟಿಯಲ್ಲಿ ಬರೆದಷ್ಟೇ ಶಿಸ್ತಿನಿಂದ ಮಾಡುತ್ತಿದ್ದರು. ಕೆಲಸ ಮುಗಿದ ಮೇಲೆ ಅಪ್ಪನ ಪಾದ ಮಡಿಲಲ್ಲಿಟ್ಟುಕೊಂಡು ಎಣ್ಣೆ ಹಚ್ಚುತ್ತ ಒಂದು ಮನೆಯ ಸುದ್ದಿ ಹೇಳುವರು. ಊರು ಹೇಳುವುದಿಲ್ಲ, ಹೆಸರು ಹೇಳುವುದಿಲ್ಲ, ಕುಲ ಮೊದಲೇ ಇಲ್ಲ. "ಒಂದೂರು" ಎಂದು ಶುರು. ಅವರು ಬರುವ ಮಂಗಳವಾರ, ಶುಕ್ರವಾರಗಳನ್ನೇ ಅಪ್ಪ ಕಾಯುವರು. ನಮ್ಮ ಮನೆಯ ಮೋರಿಯ ಸುದ್ದಿಯೂ "ಒಂದೂರಲ್ಲಿ ಒಬ್ರು ಆಚಾರ್ರು" ಎಂದು ನಾಲ್ಕು ತಾಲ್ಲೂಕು ಸುತ್ತಿತ್ತು ಎಂದು ಬೀಳ್ಕೊಡುಗೆಯ ದಿನ ಗೊತ್ತಾಯಿತು. ಕೆ.ಆರ್. ಪೇಟೆಯವರೊಬ್ಬರು ನನಗೇ ಅದನ್ನು ಹೇಳಿ ನಗಾಡಿದರು.

ಈಗ ನಾನು ಮಾಡಿದ ತಪ್ಪಿನ ವಿಷಯ. ಒಂದು ಬುಧವಾರ ಮಧ್ಯಾಹ್ನ ಅಪ್ಪನ ಉಸಿರು ಗೊರಗೊರ ಅನ್ನತೊಡಗಿತು. ಎದೆಯೊಳಗೆ ನೀರು ಕುದಿಯುವಂಥ ಸದ್ದು. ಕೊಟ್ಟ ಮಾತು ಎಲ್ಲಿ ಹೋಯಿತೋ, ಆಂಬುಲೆನ್ಸಿಗೆ ಫೋನು ಮಾಡಿಬಿಟ್ಟೆ. ಮಾಡಿದ ಮೇಲೆ ಸಿಸ್ಟರಮ್ಮನಿಗೆ ಮಾಡಿದೆ. ಅವರು ಕೆ.ಆರ್. ಪೇಟೆಯಲ್ಲಿದ್ದರು. ಬೈಯುತ್ತಾರೆಂದುಕೊಂಡಿದ್ದೆ. "ಗಾಡಿ ಬಂದ್ರೆ ಕಾಯ್ಸಿ. ಅವ್ರ್ನ ಎಡಗಡೀಕ್ ಒಳ್ಳುಸಿ ಮಲ್ಗುಸಿ, ತಲೆ ಕೆಳಗೆ ಎರಡ್ ದಿಂಬಿಕ್ಕಿ. ನಾ ಬರಗಂಟ ಕಾಲ್ ಇಡ್ಕೊಂಡ್ ಕುಂತಿರಿ" ಎಂದಷ್ಟೇ ಹೇಳಿ ಇಟ್ಟರು. ಆಂಬುಲೆನ್ಸು ಇಪ್ಪತ್ತು ನಿಮಿಷಕ್ಕೆ ಬಂತು. ಸ್ಟ್ರೆಚರ್ ಕಂಡದ್ದೇ ಅಪ್ಪ ಮಂಚದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಆ ಬೆರಳುಗಳನ್ನು ನಾನೇ ಬಿಡಿಸಬೇಕಾಗಿತ್ತು. ಒಂದು ಬೆರಳಿಗೆ ಕೈ ಹಾಕಿದೆ ಕೂಡ. ಅದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಡ್ರೈವರು ಗೊಣಗುತ್ತ ಕಾಯುತ್ತಿದ್ದ. ಸಿಸ್ಟರಮ್ಮ ಬಂದರು, ಮುಖ ತಲೆ ಎಲ್ಲ ರಸ್ತೆಯ ಧೂಳು. ಕೈ ತೊಳೆದರು, ಒದರಿದರು, ಕಾಲು ಮುಟ್ಟಿದರು. ನನ್ನನ್ನು ಏನೂ ಕೇಳಲಿಲ್ಲ. ಅಪ್ಪನ ಕಿವಿಯ ಹತ್ತಿರ ಬಗ್ಗಿ, "ಆಚಾರ್ರೆ, ಮೈಸೂರ್ಗೆ ಓಗಾದಾ, ಇಲ್ಲೇ ಇರಾದಾ?" ಎಂದರು.

"ಇಲ್ಲೇ" ಎಂದರು ಅಪ್ಪ.

ಬಾಯಿ ಒರೆಸಿ, ಮಗ್ಗುಲು ಸರಿಮಾಡಿ, ಡಾಕ್ಟರಿಗೆ ಫೋನಿನಲ್ಲಿ ಕೇಳಿ ಒಂದು ಸೂಜಿ ಚುಚ್ಚಿದರು. ಅರ್ಧ ಗಂಟೆಯಲ್ಲಿ ಗೊರಗೊರ ತಗ್ಗಿತು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಮೊದಲ ಸಲ ಮೆಲ್ಲಗೆ ಮಾತಾಡಿದರು. "ಭಯ ಬಿದ್ದಿರಾದು ನೀವು ಮೇಷ್ಟ್ರೇ, ಅವ್ರಲ್ಲ. ನಿಮ್ ಭಯಕ್ಕೆ ಅವ್ರ್ನ ಯಾಕ್ ಗಾಡಿ ಅತ್ತುಸ್ತೀರಿ? ಭಯ ಆದ್ರೆ ನಂಗ್ ಫೋನ್ ಮಾಡಿ. ಭಯ ಓಡ್ಸಾದೂ ನನ್ ಕೆಲ್ಸಾನೇ." ನಾನು ಅವ್ವನ ಗಾಜಿನ ಕೋಣೆಯ ವಿಷಯ ಹೇಳಿದೆ. ಯಾರಿಗೂ ಹೇಳಿರಲಿಲ್ಲ. ಹೇಳಿ ಅತ್ತೆ. ಅಳುವಷ್ಟು ಹೊತ್ತು ಪಕ್ಕದಲ್ಲೇ ನಿಂತಿದ್ದು, ಆಮೇಲೆ, "ಏಳಿ, ಪಾಪ ಡ್ರೈವರ್ ಉಂಡಿಲ್ವಂತೆ" ಎಂದರು. ಆ ಡ್ರೈವರು ಎರಡು ಮುದ್ದೆ ಉಂಡು, ಅಪ್ಪನಿಗೆ ಕೈಮುಗಿದು, ಖಾಲಿ ಗಾಡಿ ತಗೊಂಡು ಹೋದ.

ಅದಾದ ಮೇಲೆ ಐದು ವಾರ ಅಪ್ಪ ಇದ್ದರು. ಲೆಕ್ಕದ ಮೇಷ್ಟರಾಗಿ ಹೇಳುತ್ತೇನೆ, ನನಗೂ ಅಪ್ಪನಿಗೂ ಅದಕ್ಕಿಂತ ಹಿಂದಿನ ಐವತ್ತು ವರ್ಷದಲ್ಲಿ ಆಗದಷ್ಟು ಮಾತು ಆ ಐದು ವಾರದಲ್ಲಿ ಆಯಿತು. ನೋವು ಹತೋಟಿಯಲ್ಲಿತ್ತು. ನನ್ನ ಹೆಂಡತಿಯ ಮೂಗುಬೊಟ್ಟನ್ನು ನೋಡಿ, "ಯಾವನ್ಲಾ ಇದುನ್ನ ಮಾಡಿದ್ದು? ಕಲ್ಲು ಸೊಟ್ಟಗ್ ಕುಂತದೆ" ಎಂದರು. ಮಾಡಿದ್ದು ಅವರೇ ಎಂದಾಗ, "ಅಂಗಾದ್ರೆ ಮೂಗೇ ಸೊಟ್ಟ ಇರ್ಬೇಕು ಬುಡು" ಎಂದು ತಿಪ್ಪೆ ಸಾರಿಸಿದರು.

ಅವರೆಕಾಯಿ ಕಾಲ. ಒಂದು ಗುರುವಾರ ಸಿಸ್ಟರಮ್ಮ ಫೋನು ಮಾಡಿ, "ನಾಳೆ ಸ್ಕೂಲ್ಗೆ ರಜ ಹಾಕುದ್ರೆ ಒಳ್ಳೇದು ಮೇಷ್ಟ್ರೇ" ಎಂದರು. ಶುಕ್ರವಾರ ಬೆಳಿಗ್ಗೆ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಅದನ್ನು ನೋಡಿಯೇ ನನಗೆ ಅರ್ಥವಾಗಬೇಕಿತ್ತು. ಕಾಲು ಮುಟ್ಟಿದರು, ಈ ಸಲ ಬಹಳ ಹೊತ್ತು ಹಿಡಿದಿದ್ದರು. ಹೆಂಡತಿಯ ಕಡೆ ತಿರುಗಿ, "ಇವತ್ತು ನಂಗೂ ಒಂದ್ ಮುದ್ದೆ ಹಾಕು ಕಣವ್ವ. ಇಲ್ಲೇ ಇರ್ತೀನಿ" ಎಂದರು. ಸಿಸ್ಟರಮ್ಮ ಊಟಕ್ಕೆ ಒಪ್ಪಿದರೆಂದು ಹೆಂಡತಿ ಸಂಭ್ರಮದಿಂದ ಅವರೆಕಾಳು ಸುಲಿಯಲು ಬಾಗಿಲಲ್ಲೇ ಕೂತಳು. ನಾನು ಅಪ್ಪನ ತಲೆಯ ಹತ್ತಿರ ಕೂತೆ. ಹನ್ನೊಂದು ಗಂಟೆಯ ಬಿಸಿಲು ಕಿಟಕಿಯಿಂದ ಮಂಚದ ಮೇಲೆ ಬಿದ್ದಿತ್ತು.

ಅಪ್ಪ ಕಣ್ಣು ತೆರೆಯಲಿಲ್ಲ. "ಯಾವ್ದಾರ ಒಂದ್ ಮನೆ ಸುದ್ದಿ ಯೋಳವ್ವ" ಎಂದರು.

ಸಿಸ್ಟರಮ್ಮ ಪಾದವನ್ನು ಮಡಿಲಿಗೆ ತೆಗೆದುಕೊಂಡರು.

"ಒಂದೂರು. ಅಲ್ಲೊಬ್ಬ ತಾತ. ಮೂರ್ ತಿಂಗ್ಳಿಂದ ನೋವ್ಗೆ ಕಣ್ ಮುಚ್ದೋನಲ್ಲ. ನಾ ಓಗಿ ಮಾತ್ರೆ ಕೊಟ್ ಬಂದೆ. ಮಾರ್ನೇ ಬೆಳಿಗ್ಗೆ ತಾತ ಏಳ್ಲೇ ಇಲ್ಲ. ಮಕ್ಳು ಅಲ್ಲಾಡುಸ್ತಾರೆ, ಏಳಲ್ಲ. ಓಗ್ಬುಟ್ರು ಅಂದ್ಕಂಡ್ರು. ನಂಟ್ರಿಗೆಲ್ಲ ಫೋನು. ತಮಟೆಯವ್ರೂ ಬಂದ್ಬುಟ್ರು. ಅಜ್ಜಿ ತಲೆ ಬುಟ್ಕೊಂಡು ಮಂಚದತ್ರ ಕುಂತು ಅಳಕ್ ಸುರು ಮಾಡ್ತು. ಅಳಾದು ಅಂದ್ರೆ ಸುಮ್ನೆ ಅಲ್ಲ, ರಾಗವಾಗಿ. 'ನನ್ನೊಡೆಯ, ಒಂದ್ ದಿನ ಏಯ್ ಅಂದೋನಲ್ಲ, ಕೈಯೆತ್ತಿ ಒಡೆದೋನಲ್ಲ, ಬಂಗಾರದಂಥ ಮನ್ಸ...'"

"ಒಡೀತಿರ್ಲಿಲ್ವಾ ಅಕ್ಕ?" ಎಂದಳು ಹೆಂಡತಿ.

"ಆ ಊರಲ್ ಕೇಳು, ಬಾಯಿ ತೆಗುದ್ರೆ ಬೈಗಳಂತೆ ತಾತುಂದು! ನಾನ್ ಓಗಿ ಕಾಲ್ ಮುಟ್ದೆ. ಬೆಚ್ಚಗದೆ! ಗೊರಕೆ ಬೇರೆ, ಸಣ್ದಾಗಿ. ಮೂರ್ ತಿಂಗ್ಳ್ ನಿದ್ದೇನೂ ಒಂದೇ ಸಲ ಮಾಡ್ತಾವ್ನೆ ಮಾರಾಯ! ನಾನ್ ಬಾಯ್ ತೆಗೆಯಾಕ್ ಮುಂಚೆ ತಮಟೆ ಡಣ್ ಅಂತು. ತಾತ ಕಣ್ ಬುಟ್ಟ. 'ಯಾರ್ಲಾ ಓಗಿದ್ದು?' ಅಂದ."

ನಾನು ಆಗಲೇ ನಗುತ್ತಿದ್ದೆ.

"ಅಜ್ಜಿ ಅಳಾದ್ ನಿಲ್ಲುಸ್ತು. ನೋಡ್ತು. ನೋಡಿ, 'ಅಯ್ಯೋ ನಿನ್ ಮನೆ ಕಾಯ್ವೋಗ, ನಾ ಇಷ್ಟೊತ್ತೂ ಒಗುಳುದ್ದೆಲ್ಲ ಕೇಳುಸ್ಕೊಂಡು ಸುಮ್ನೆ ಬಿದ್ದಿದ್ದಾ?' ಅಂತ ಅದೇ ರಾಗ್ದಲ್ ಬೈತು. ತಾತ ಏನ್ ಅಂದ ಗೊತ್ತಾ? 'ಇನ್ನೊಸಿ ಒಗುಳ್ತೀಯೇನೋ ಅಂತ ಕಾಯ್ತಿದ್ದೆ ಕಣೇ!'"

ಹೆಂಡತಿಯ ಮಡಿಲಿನ ಮೊರ ಮಗುಚಿ ಅವರೆಕಾಳು ನೆಲದ ತುಂಬ ಉರುಳಿತು. ಅದನ್ನು ನೋಡಿ ಇನ್ನಷ್ಟು ನಗು. ನಾನು ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಸಿಸ್ಟರಮ್ಮನೂ ನಕ್ಕರು. "ಬಂದೋರ್ ಬಂದವ್ರೆ, ಬಾರುಸ್ಕೊಂಡೇ ಓಗ್ಲಿ ಅಂತ ತಾತ ತಮಟೆ ಬಾರುಸ್ಸಿ, ಕುಂತ್ಕೊಂಡೇ ತಾಳ ಹಾಕ್ದ" ಎಂದು ಸೇರಿಸಿದರು. ಮತ್ತೆ ನಕ್ಕೆವು. ನಗು ತಾನಾಗಿ ಇಳಿಯಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೀದಿಯಲ್ಲಿ ಯಾವುದೋ ಟ್ರಾಕ್ಟರು ಹೋಯಿತು.

ಆಗ ಸಿಸ್ಟರಮ್ಮ, ಪಾದವನ್ನು ಹಿಡಿದ ಕೈ ತೆಗೆಯದೆ, "ಮೇಷ್ಟ್ರೇ, ಆಚಾರ್ರು ಓಗ್ಬುಟ್ರು" ಎಂದರು.

ನೋಡಿದೆ. ಅಪ್ಪನ ಹುಬ್ಬಿನ ನಡುವೆ ವರ್ಷದಿಂದ ಇದ್ದ ಗಂಟು ಇರಲಿಲ್ಲ. ಕೈ ನನ್ನ ಕೈಯೊಳಗೇ ಇತ್ತು, ಯಾವಾಗ ಹಿಡಿದುಕೊಂಡಿದ್ದೆನೋ ಗೊತ್ತಿಲ್ಲ. ಅತ್ತೆ, ಬೇಕಾದಷ್ಟು ಅತ್ತೆ. ಆದರೆ ಭಯ ಒಂದಿಷ್ಟೂ ಆಗಲಿಲ್ಲ. ಕೊಟ್ಟ ಮಾತು ಉಳಿದಿತ್ತು. ನಾನು ಉಳಿಸಿಕೊಂಡೆ ಎಂದು ಹೇಳಲಾರೆ, ಆ ಹೆಂಗಸು ಉಳಿಸಿಕೊಟ್ಟರು.

ಹನ್ನೊಂದನೆಯ ದಿನದ ಊಟಕ್ಕೆ ಅವರು ಬಂದು ಪಂಕ್ತಿಯಲ್ಲಿ ಕೂತರು. ಬಡಿಸುತ್ತಿದ್ದ ನಾನು ಪಾತ್ರೆ ಕೆಳಗಿಟ್ಟು ಅವರ ಎದುರಿಗೆ ಕುಕ್ಕರುಗಾಲಲ್ಲಿ ಕೂತೆ. ಹನ್ನೊಂದು ದಿನದಿಂದ ಕೊರೆಯುತ್ತಿದ್ದ ಒಂದು ಪ್ರಶ್ನೆ ಇತ್ತು. ಅಪ್ಪ ಹೋದದ್ದು ನಿಜವಾಗಿ ಯಾವಾಗ ಎಂದು ಕೇಳಿದೆ.

ಅವರು ಎಲೆಯ ಮೇಲಿನ ಅನ್ನವನ್ನು ಕಲಸುತ್ತಲೇ ಇದ್ದರು. "ಅಜ್ಜಿ ತಾತುನ್ನ ಒಗುಳ್ತಿತ್ತಲ್ಲ, ಆಗ. ಉಸ್ರು ನಿಂತಿದ್ದು ನನ್ ಕಣ್ಗೆ ಬಿತ್ತು."

"ಮತ್ತೆ ನೀವು ನಿಲ್ಲಿಸಲೇ ಇಲ್ಲವಲ್ಲ? ಹೇಳುತ್ತಲೇ ಹೋದಿರಿ, ನಗಿಸುತ್ತಲೇ ಹೋದಿರಿ."

ಅವರು ತಲೆ ಎತ್ತಿದರು. ಅಷ್ಟು ದೊಡ್ಡ ದನಿಯ ಹೆಂಗಸು, ಪಕ್ಕದ ಎಲೆಯವರಿಗೂ ಕೇಳದಷ್ಟು ಮೆತ್ತಗೆ ಹೇಳಿದರು: "ಕಿವಿ ಕಟ್ಟಕಡೇಗ್ ಓಗಾದು ಮೇಷ್ಟ್ರೇ. ಮಗ ಸೊಸೆ ನಗಾದ್ ಕೇಳ್ಕೊಂಡ್ ಓಯ್ತಾ ಇದ್ದೋರ್ ಕಿವೀಗೆ ಅಳಾದ್ ಯಾಕ್ ಹಾಕ್ಲಿ? ಅದ್ಕೇ ಕತೆ ಮುಗುಸ್ಬುಟ್ಟೆ."